ಹಳೇ ಮಸಲ್ ಕಾರಿನ ಡ್ರೈವ್‌ಶಾಫ್ಟ್: ಉದ್ದ ಎಷ್ಟಿರಬೇಕು, ಸರಿಯಾಗಿ ಕೂತಿದೆಯಾ? ಪದೇ ಪದೇ ಕೇಳುವ ಪ್ರಶ್ನೆಗಳು

ನಾನಿರುವುದು ಡೆಟ್ರಾಯಿಟ್ ಹತ್ತಿರ. ಗ್ಯಾರೇಜಿನಲ್ಲಿ 1970ರ ಶೆವರ್ಲೆ ಶೆವೆಲ್ ಮಾಲಿಬು ಇದೆ. ಎರಡು ಬಾಗಿಲಿನದು, 307 ವಿ8 ಇಂಜಿನ್. ಮೊದಲು ಎರಡೇ ಗೇರಿನ ಪವರ್‌ಗ್ಲೈಡ್ ಇತ್ತು, ಈಗ ನಾಲ್ಕು ಗೇರಿನ 700ಆರ್4 ಇದೆ. ಗೇರ್‌ಬಾಕ್ಸ್ ಬದಲಾಯಿಸಿದ ಮೇಲೆ ಡ್ರೈವ್‌ಶಾಫ್ಟ್ ತಲೆ ತಿನ್ನೋಕೆ ಶುರು ಮಾಡಿತು. ಆಮೇಲೆ ಇಲ್ಲಿನ ಕನ್ನಡದ ಗೆಳೆಯರು ಒಬ್ಬೊಬ್ಬರಾಗಿ ಹಳೇ ಕಾರು ಕೊಂಡರು, ಫೋನುಗಳು ಬರತೊಡಗಿದವು. ಅದರಲ್ಲೂ ಆಗಸ್ಟ್ ಹತ್ತಿರ ಬಂದರೆ ಜಾಸ್ತಿ. ಇಲ್ಲಿ ವುಡ್‌ವರ್ಡ್ ಅವೆನ್ಯೂನಲ್ಲಿ 1995ರಲ್ಲಿ ಶುರುವಾದ ಡ್ರೀಮ್ ಕ್ರೂಸ್ ಅಂತ ಹಳೇ ಕಾರುಗಳ ಜಾತ್ರೆ ಇದೆ, ಆ ತಿಂಗಳ ಮೂರನೇ ಶನಿವಾರ. ಅದರ ಹಿಂದಿನ ವಾರವೇ ಎಲ್ಲರಿಗೂ ಶಾಫ್ಟ್ ನೆನಪಾಗೋದು. ಒಂದೇ ಉತ್ತರವನ್ನು ಹತ್ತು ಸಲ ಹೇಳುವ ಬದಲು ಇಲ್ಲಿ ಬರೆದಿಟ್ಟಿದ್ದೇನೆ.

ಡ್ರೈವ್‌ಶಾಫ್ಟ್ ಅಂದರೆ ನಮ್ಮೂರಿನ ಪ್ರೊಪೆಲ್ಲರ್ ಶಾಫ್ಟೇನಾ?

ಅದೇ. ಗೇರ್‌ಬಾಕ್ಸಿನ ಬಾಲದಿಂದ ಹಿಂದಿನ ಹೌಸಿಂಗ್‌ವರೆಗೆ (ಹಿಂದಿನ ಆಕ್ಸಲ್ಲಿನ ನಡುವೆ ಇರುವ ಗೇರುಗಳ ಗೂಡು) ಕಾರಿನ ಹೊಟ್ಟೆಯ ಕೆಳಗೆ ಉದ್ದಕ್ಕೆ ಮಲಗಿರುವ ಕೊಳವೆ. ಅಂಬಾಸಡರ್‌ನಲ್ಲಿ, ಲಾರಿಯಲ್ಲಿ ಎಲ್ಲರೂ ನೋಡಿರುತ್ತೀರಿ. ಗೊಂದಲ ಆಗುವುದು ಹೆಸರಿನಲ್ಲಿ. ಊರಿನ ಗ್ಯಾರೇಜಿನಲ್ಲಿ ‘ಡ್ರೈವ್‌ಶಾಫ್ಟ್’ ಅಂದರೆ ಮುಂದಿನ ಚಕ್ರ ತಿರುಗಿಸುವ ಕಾರುಗಳಲ್ಲಿ ಗೇರ್‌ಬಾಕ್ಸಿನಿಂದ ಚಕ್ರಕ್ಕೆ ಹೋಗುವ ಗಿಡ್ಡ ಶಾಫ್ಟ್ ಅಂದುಕೊಳ್ಳುತ್ತಾರೆ. ಅಮೆರಿಕದ ಹಳೇ ಕಾರಿನವರಿಗೆ ಡ್ರೈವ್‌ಶಾಫ್ಟ್ ಅಂದರೆ ಪ್ರೊಪೆಲ್ಲರ್ ಶಾಫ್ಟೇ. ಇಲ್ಲಿ ನಾನು ಸುಮ್ನೆ ಶಾಫ್ಟ್ ಅಂತ ಬರೆಯುತ್ತೇನೆ.

ಅರ್ಧ ಇಂಚು ಆಚೀಚೆ ಆದರೆ ಏನು ಮಹಾ?

ಒಂದು ಕಡೆಗೆ ಅರ್ಧ ಇಂಚು ಆದರೆ ಏನೂ ಆಗಲ್ಲ. ಇನ್ನೊಂದು ಕಡೆಗೆ ಆದರೆ ಗೇರ್‌ಬಾಕ್ಸೇ ಹೋಗಬಹುದು.

ಇಂಜಿನ್ನು, ಗೇರ್‌ಬಾಕ್ಸು ಚಾಸಿಗೆ ಕಟ್ಟಿಕೊಂಡು ಕೂತಿರುತ್ತವೆ. ಹಿಂದಿನ ಆಕ್ಸಲ್ ಮಾತ್ರ ಸ್ಪ್ರಿಂಗಿನ ಮೇಲೆ ಏರುತ್ತಾ ಇಳಿಯುತ್ತಾ ಇರುತ್ತದೆ. ಅದು ನೇರವಾಗಿ ಮೇಲೆ ಕೆಳಗೆ ಹೋಗಲ್ಲ, ಕಮಾನಿನ ಹಾಗೆ ಸ್ವಲ್ಪ ಹಿಂದೆ ಮುಂದೆ ಕೂಡ ಹೋಗುತ್ತದೆ. ಹಾಗಾಗಿ ಗೇರ್‌ಬಾಕ್ಸಿಗೂ ಆಕ್ಸಲ್ಲಿಗೂ ನಡುವಿನ ದೂರ ಕ್ಷಣಕ್ಷಣಕ್ಕೂ ಬದಲಾಗುತ್ತದೆ. ಇದನ್ನು ನುಂಗಿಕೊಳ್ಳುವುದು ಸ್ಲಿಪ್ ಯೋಕ್. ಶಾಫ್ಟಿನ ಮುಂದಿನ ತುದಿಯಲ್ಲಿ ಇರುವ, ಒಳಗೆ ಹಲ್ಲುಗಳಿರುವ ನಯವಾದ ಕೊಳವೆ ಅದು. ಗೇರ್‌ಬಾಕ್ಸಿನ ಔಟ್‌ಪುಟ್ ಶಾಫ್ಟಿನ ಮೇಲೆ ಡ್ರಾಯರ್ ಥರ ಒಳಗೆ ಹೊರಗೆ ಜಾರುತ್ತದೆ.

ಶಾಫ್ಟ್ ಉದ್ದ ಜಾಸ್ತಿಯಾದರೆ ಡ್ರಾಯರ್ ಆಗಲೇ ಪೂರ್ತಿ ಮುಚ್ಚಿರುತ್ತದೆ. ಹಿಂದೆ ಇಬ್ಬರನ್ನು ಕೂರಿಸಿಕೊಂಡು ಒಂದು ಗುಂಡಿ ಹಾರಿಸಿದರೆ ಯೋಕ್‌ಗೆ ಮುಂದೆ ಹೋಗಲು ಜಾಗವಿಲ್ಲ. ಆ ಪೆಟ್ಟು ಸೀದಾ ಗೇರ್‌ಬಾಕ್ಸಿನ ಒಳಕ್ಕೆ. ಬುಷ್ ಹೋಗುತ್ತದೆ, ಒಳಗಿನ ಥ್ರಸ್ಟ್ ವಾಷರ್ ಸವೆಯುತ್ತದೆ, ಕೆಟ್ಟ ದಿನವಾದರೆ ಬಾಲದ ಹೌಸಿಂಗೇ ಸೀಳುತ್ತದೆ. ಗಿಡ್ಡವಾದರೆ ಹಲ್ಲು ಹಿಡಿದಿರುವ ಉದ್ದ ಕಡಿಮೆ. ಯೋಕ್ ಬುಷ್‌ನಲ್ಲಿ ಅಲ್ಲಾಡುತ್ತದೆ, ಗೇರ್‌ಬಾಕ್ಸ್ ಬಾಲದ ತುದಿಯ ಸೀಲ್‌ನಿಂದ ಆಯಿಲ್ ಜಿನುಗುತ್ತದೆ, ನಡುಕ ಬರುತ್ತದೆ. ತೀರಾ ಗಿಡ್ಡವಾದರೆ ಯೋಕ್ ಕಳಚಿಯೇ ಬರಬಹುದು.

ಎರಡರಲ್ಲಿ ಯಾವುದು ಮೇಲು ಅಂದರೆ, ಕಾಲು ಇಂಚು ಗಿಡ್ಡ ಇರುವುದೇ ಮೇಲು.

ಕಾರಿನ ಮಾಡೆಲ್ಲು, ವರ್ಷ ಹೇಳಿದರೆ ಪಟ್ಟಿಯಲ್ಲಿ ಉದ್ದ ಸಿಗಲ್ವಾ?

ಸಿಗುತ್ತದೆ. ಆದರೆ ಆ ಪಟ್ಟಿ ಹೇಳುವುದು ಕಾರ್ಖಾನೆಯಿಂದ ಹೊರಗೆ ಬಂದ ದಿನದ ಕಾರಿನ ಬಗ್ಗೆ. ನಿಮ್ಮ ಕಾರು ಅದಾದ ಮೇಲೆ ಐವತ್ತು ವರ್ಷಕ್ಕಿಂತ ಜಾಸ್ತಿ ಬದುಕಿದೆ. ಎಷ್ಟು ಕೈ ಬದಲಾಗಿದೆಯೋ, ಯಾರು ಏನು ತೆಗೆದು ಏನು ಹಾಕಿದ್ದಾರೋ.

ಅಸಲಿ ಕಾರೇ ಆದರೂ ‘ಶೆವೆಲ್’ ಅಂದರೆ ಸಾಲದು. 1968ರಿಂದ 1972ರವರೆಗೆ ಎರಡು ಬಾಗಿಲಿನ ಶೆವೆಲ್‌ಗೆ ಮುಂದಿನ, ಹಿಂದಿನ ಚಕ್ರಗಳ ನಡುವೆ 112 ಇಂಚು, ನಾಲ್ಕು ಬಾಗಿಲಿನದಕ್ಕೆ 116. ನಾಲ್ಕು ಇಂಚು ವ್ಯತ್ಯಾಸ! ಗುಜರಿ ಅಂಗಡಿಯಲ್ಲಿ ‘ಶೆವೆಲ್ ಶಾಫ್ಟ್’ ಅಂತ ಚೀಟಿ ಅಂಟಿಸಿಕೊಂಡು ನಿಂತಿರುವುದು ಯಾವುದರದ್ದು ಅಂತ ಅಂಗಡಿಯವರಿಗೂ ಗೊತ್ತಿರಲ್ಲ. ಮಸ್ಟಾಂಗ್‌ನವರಿಗೂ ಇದೇ ಕಥೆ. 1970ರವರೆಗೆ 108 ಇಂಚು, 1971ರಿಂದ 73ರವರೆಗೆ 109.

ಪಟ್ಟಿಯಲ್ಲಿ ಇರುವ ಅಂಕಿ ನಿಮ್ಮ ಅಳತೆ ಸುಮಾರು ಸರಿ ಇದೆಯಾ ಅಂತ ನೋಡಿಕೊಳ್ಳೋಕೆ ಮಾತ್ರ. ಅದನ್ನು ನಂಬಿ ಕೊಳವೆ ಕತ್ತರಿಸಬೇಡಿ.

ಗೇರ್‌ಬಾಕ್ಸ್ ಬದಲಾಯಿಸಿದರೆ ಉದ್ದ ಎಷ್ಟು ಬದಲಾಗುತ್ತೆ?

ಶೆವರ್ಲೆ ಕಡೆಯ ಲೆಕ್ಕ ನನಗೆ ಬಾಯಿಪಾಠ, ಅದನ್ನೇ ಹೇಳುತ್ತೇನೆ. 6 ಇಂಚಿನ ಬಾಲ ಇರುವ, ಮೂರು ಗೇರಿನ ಟಿಎಚ್350 ಗೇರ್‌ಬಾಕ್ಸ್ ಒಟ್ಟು 27 11/16 ಇಂಚು. ಅಲ್ಯೂಮಿನಿಯಂ ಪವರ್‌ಗ್ಲೈಡ್ ಹೆಚ್ಚುಕಡಿಮೆ ಅಷ್ಟೇ. ಆದ್ದರಿಂದ ಪವರ್‌ಗ್ಲೈಡ್ ತೆಗೆದು ಟಿಎಚ್350 ಹಾಕಿದವರಿಗೆ ಸಾಮಾನ್ಯವಾಗಿ ಹಳೇ ಶಾಫ್ಟೇ ಕೂರುತ್ತದೆ. 700ಆರ್4 ಹಾಕಿದರೆ 30 3/4 ಇಂಚು. ಅಂದರೆ ಸುಮಾರು ಮೂರು ಇಂಚು ಶಾಫ್ಟ್ ಕತ್ತರಿಸಲೇಬೇಕು.

ಕತ್ತರಿಸೋಕೆ ಮನಸ್ಸಿಲ್ಲ, ಆದರೆ ಹೈವೇಗೆ ಓವರ್‌ಡ್ರೈವ್ (ಇಂಜಿನ್ ನಿಧಾನವಾಗಿ ತಿರುಗಲು ಬಿಡುವ ಮೇಲಿನ ಗೇರು) ಬೇಕು ಅನ್ನುವವರು 200-4ಆರ್ ಗೇರ್‌ಬಾಕ್ಸ್ ಹುಡುಕುತ್ತಾರೆ. ಅದರ ಉದ್ದ ಟಿಎಚ್350ಯಷ್ಟೇ. ಗೇರ್‌ಬಾಕ್ಸ್ ಹೊತ್ತಿರುವ ಅಡ್ಡಪಟ್ಟಿಯ ಮೌಂಟ್ ಮಾತ್ರ ಹಿಂದಕ್ಕೆ ಸರಿಸಬೇಕು. ನನಗೆ ಆಗ ಈ ವಿಷಯ ಗೊತ್ತಿದ್ದರೆ ಬಹುಶಃ ಅದನ್ನೇ ಹಾಕುತ್ತಿದ್ದೆ.

ಇಲ್ಲೊಂದು ಸಣ್ಣ ಬಲೆ ಇದೆ. ಟಿಎಚ್350ಯಲ್ಲೇ 6 ಇಂಚಿನ ಬಾಲದ್ದೂ ಇದೆ, 9 ಇಂಚಿನದ್ದೂ ಇದೆ, 12ರದ್ದೂ ಇದೆ. ಕಾರಿನ ಗೇರ್‌ಬಾಕ್ಸ್ ಅಂದುಕೊಂಡು ಪಿಕಪ್ ಟ್ರಕ್ಕಿನದು ತಂದವರು ಇದ್ದಾರೆ.

ಯೋಕ್‌ನ ಹಲ್ಲುಗಳೂ ಬೇರೆ ಬೇರೆಯಾ?

ಹೌದು, ಎಣಿಸಿಕೊಳ್ಳಿ. ಪವರ್‌ಗ್ಲೈಡ್, ಟಿಎಚ್350, 200-4ಆರ್, 700ಆರ್4 ಎಲ್ಲಕ್ಕೂ 27 ಹಲ್ಲು. ಟಿಎಚ್400ಗೆ 32. ಫೋರ್ಡ್‌ನ ಸಿ4ಗೆ 28, ಸಿ6ಗೆ 31. ಕ್ರೈಸ್ಲರ್‌ನ 727ಗೆ 30. ಎಣಿಸುವಾಗ ಒಂದು ಹಲ್ಲಿಗೆ ಮಾರ್ಕರ್‌ನಿಂದ ಚುಕ್ಕೆ ಇಟ್ಟು ಅಲ್ಲಿಂದ ಶುರು ಮಾಡಿ. ಇಲ್ಲಾಂದ್ರೆ ಮೂರು ಸಲ ಎಣಿಸಿದರೆ ಮೂರು ಉತ್ತರ ಬರುತ್ತದೆ.

ಅಳೆಯುವಾಗ ಕಾರು ಹೇಗೆ ನಿಂತಿರಬೇಕು?

ತನ್ನ ಭಾರವನ್ನು ತಾನೇ ಹೊತ್ತು ನಿಂತಿರಬೇಕು. ಇಡೀ ಪುಟದಲ್ಲಿ ಒಂದೇ ಒಂದು ಸಾಲು ಓದುತ್ತೀರಿ ಅಂದರೆ ಇದನ್ನು ಓದಿ.

ಚಾಸಿಗೆ ಸ್ಟ್ಯಾಂಡ್ ಕೊಟ್ಟು ಎತ್ತಿದರೆ, ಅಥವಾ ಎರಡು ಕಂಬದ ಲಿಫ್ಟ್ ಮೇಲೆ ಏರಿಸಿದರೆ, ಹಿಂದಿನ ಆಕ್ಸಲ್ ಕೆಳಗೆ ಜೋತುಬೀಳುತ್ತದೆ. ಪಿನಿಯನ್ (ಹೌಸಿಂಗ್‌ನಿಂದ ಮುಂದಕ್ಕೆ ಚಾಚಿರುವ, ಶಾಫ್ಟಿನ ಹಿಂದಿನ ತುದಿ ಕೂರುವ ಗೇರು) ಎಲ್ಲೋ, ಅದರ ಮೂತಿ ಎಲ್ಲೋ. ಆ ಸ್ಥಿತಿಯಲ್ಲಿ ತೆಗೆದ ಅಳತೆಗೂ ರಸ್ತೆ ಮೇಲಿನ ಕಾರಿಗೂ ಸಂಬಂಧವೇ ಇಲ್ಲ. ಸ್ಟ್ಯಾಂಡ್ ಇಡುವುದಾದರೆ ಆಕ್ಸಲ್ ಟ್ಯೂಬಿನ ಕೆಳಗೇ ಇಡಿ. ಮುಂದಿನ ಚಕ್ರಗಳನ್ನೂ ಅಷ್ಟೇ ಎತ್ತರಕ್ಕೆ ಏರಿಸಿ. ನಾಲ್ಕು ಕಂಬದ ಲಿಫ್ಟ್ ಇದ್ದರೆ ಪುಣ್ಯವಂತರು, ಚಕ್ರಗಳೇ ಹಲಗೆ ಮೇಲೆ ನಿಂತಿರುತ್ತವೆ.

ಇಂಜಿನ್ನು, ಸೀಟು, ಬಂಪರ್, ಅರ್ಧ ಟ್ಯಾಂಕ್ ಪೆಟ್ರೋಲ್ ಎಲ್ಲ ಇರಬೇಕು. ಹೊಸ ಸ್ಪ್ರಿಂಗ್ ಹಾಕಿದ್ದರೆ ಸ್ವಲ್ಪ ಓಡಿಸಿ ಕೂರಲು ಬಿಡಿ. ಓಡಿಸೋಕೆ ಶಾಫ್ಟೇ ಇಲ್ಲ ಅಂದರೆ ಡಿಕ್ಕಿಯ ಮೇಲೆ ಕೂತು ನಾಲ್ಕು ಸಲ ಜಗ್ಗಿ. ತಮಾಷೆ ಅಲ್ಲ, ಕೆಲಸ ಮಾಡುತ್ತದೆ.

ಬರೀ ಜಾಕ್ ನಂಬಿ ಕೆಳಗೆ ನುಸುಳಬೇಡಿ. ಗೇರ್ ಪಾರ್ಕಿನಲ್ಲಿ ಇದ್ದರೂ ಶಾಫ್ಟ್ ಬಿಚ್ಚಿದ ತಕ್ಷಣ ಹಿಂದಿನ ಚಕ್ರಕ್ಕೆ ಹಿಡಿತವೇ ಇರಲ್ಲ, ಕಾರು ಉರುಳುತ್ತದೆ. ಚಕ್ರಕ್ಕೆ ಕಟ್ಟೆ ಕೊಟ್ಟೇ ಬಿಚ್ಚಿ.

ಸರಿ, ಅಳೆಯೋದು ಹೇಗೆ?

ಒಂದು ಸ್ಲಿಪ್ ಯೋಕ್, ಒಂದು ಹಳೇ ಯುಜೆ ಕ್ರಾಸ್ (ಯೂನಿವರ್ಸಲ್ ಜಾಯಿಂಟ್, ಶಾಫ್ಟಿನ ಎರಡೂ ತುದಿಯಲ್ಲಿ ಇರುವ ಪ್ಲಸ್ ಆಕಾರದ ಕೀಲು), ಟೇಪು, ಮಾಸ್ಕಿಂಗ್ ಟೇಪು, ಪೆನ್ಸಿಲ್. ಜೊತೆಗೆ ಟೇಪಿನ ಇನ್ನೊಂದು ತುದಿ ಹಿಡಿಯೋಕೆ ಒಬ್ಬರು. ನಮ್ಮನೆಯಲ್ಲಿ ಆ ಕೆಲಸ ಮಗಳದು.

ಮೊದಲು ಯೋಕ್ ಅನ್ನು ಗೇರ್‌ಬಾಕ್ಸಿನೊಳಗೆ ತಳ್ಳಿ. ನಿಲ್ಲುವವರೆಗೆ ತಳ್ಳಿ. ‘ಟಕ್’ ಅಂತ ಗಟ್ಟಿಯಾಗಿ ತಗುಲಬೇಕು. ಮೆತ್ತಗೆ ನಿಂತರೆ ಅದು ಹಲ್ಲು ಸರಿಯಾಗಿ ಕೂರದೆ ಸಿಕ್ಕಿಕೊಂಡಿರುವುದು. ಸ್ವಲ್ಪ ತಿರುಗಿಸಿ ಮತ್ತೆ ತಳ್ಳಿ. ಪೂರ್ತಿ ಒಳಗೆ ಹೋದ ಮೇಲೆ ಸೀಲ್‌ನ ಅಂಚಿಗೆ ಸರಿಯಾಗಿ ಯೋಕ್ ಮೇಲೆ ಮಾಸ್ಕಿಂಗ್ ಟೇಪು ಸುತ್ತಿ.

ಈಗ ಯೋಕ್ ಅನ್ನು ಹೊರಗೆ ಎಳೆಯಿರಿ. ಸೀಲ್‌ನಿಂದ ಟೇಪಿನ ಅಂಚಿಗೆ ಒಂದು ಇಂಚು ಬರುವವರೆಗೆ. ಮುಕ್ಕಾಲು ಇಂಚು ಅನ್ನುವವರೂ ಇದ್ದಾರೆ, ಅದೂ ತಪ್ಪಲ್ಲ. ಸ್ಪ್ರಿಂಗ್ ಗಟ್ಟಿ ಇದ್ದು ಆಕ್ಸಲ್ ಹೆಚ್ಚು ಓಡಾಡದ ಕಾರಿಗೆ ಮುಕ್ಕಾಲು ಸಾಕು. ನಾನು ಒಂದಕ್ಕೇ ನಿಲ್ಲುತ್ತೇನೆ. ಕಾರಣ ಇಷ್ಟೇ: ಶಾಫ್ಟ್ ಬಿಚ್ಚುವಾಗ ಹಿಂದಿನ ಕ್ರಾಸ್ ಪಿನಿಯನ್ ಯೋಕ್‌ನ ಕಿವಿಗಳಿಂದ ತಪ್ಪಿಸಿಕೊಂಡು ಹೊರಗೆ ಬರಬೇಕಲ್ವಾ? ಅದಕ್ಕೆ ಇಡೀ ಶಾಫ್ಟ್ ಮುಂದಕ್ಕೆ ಸರಿಯಲು ಜಾಗ ಬೇಕು.

ಈಗ ನಿಜವಾದ ಅಳತೆ. ಮುಂದಿನ ಯೋಕ್‌ನಲ್ಲಿ ಕ್ರಾಸಿನ ಬೇರಿಂಗ್ ಕಪ್ ಕೂರುವ ತೂತಿನ ನಡುಮಧ್ಯದಿಂದ, ಹಿಂದೆ ಪಿನಿಯನ್ ಯೋಕ್‌ನಲ್ಲಿ ಕಪ್ ಕೂರುವ ಜಾಗದ ನಡುಮಧ್ಯಕ್ಕೆ. ಪಿನಿಯನ್ ಕಡೆ ತೂತು ಇರಲ್ಲ, ಅರ್ಧಚಂದ್ರದ ಹಾಗೆ ತೆರೆದ ಹಾಸು ಇರುತ್ತದೆ. ಅಲ್ಲಿ ಕಣ್ಣಳತೆ ಮಾಡಬೇಡಿ. ಹಳೇ ಕ್ರಾಸ್ ಇಟ್ಟು ಅದರ ಕಪ್ಪಿನ ನಡುವಿನಿಂದ ಅಳೆಯಿರಿ. ಟೇಪು ಸಡಿಲವಾಗಿ ಜೋತರೆ ಕಾಲು ಇಂಚು ಸುಮ್ನೆ ಹೋಗುತ್ತದೆ, ಬಿಗಿಯಾಗಿ ಹಿಡಿಯಿರಿ.

ನನ್ನ ಕಾರಿನಲ್ಲಿ ಯೋಕ್ ಪೂರ್ತಿ ಒಳಗಿದ್ದಾಗ 53 ಇಂಚು ಬಂತು. ಒಂದು ಇಂಚು ಹೊರಗೆ ಎಳೆದ ಮೇಲೆ 52. ನನ್ನ ಶಾಫ್ಟಿನ ಉದ್ದ ಆ 52, ನಡುವಿನಿಂದ ನಡುವಿಗೆ. ಎರಡೂ ಅಳತೆ ತೆಗೆಯಿರಿ. ಒಂದರಿಂದ ಒಂದು ಕಳೆದರೆ ಸರಿಯಾಗಿ ನೀವು ಎಳೆದಷ್ಟೇ ಬರಬೇಕು. ಬರದಿದ್ದರೆ ಎಲ್ಲೋ ತಪ್ಪಿದ್ದೀರಿ. ಚಹಾ ಕುಡಿದು ಬಂದು ಮತ್ತೆ ಅಳೆಯಿರಿ.

ಯೋಕ್ ಹೊರಗೆ ತೆಗೆದಾಗ ಗೇರ್‌ಬಾಕ್ಸಿನ ಬಾಲದಿಂದ ಕೆಂಪು ಆಯಿಲ್ ಧಾರೆಯಾಗಿ ಸುರಿಯುತ್ತದೆ, ಕಾರಿನ ಹಿಂಭಾಗ ತಗ್ಗಿದ್ದರಂತೂ ಮುಗಿದೇ ಹೋಯಿತು. ಬ್ರೆಡ್ಡಿನ ಪ್ಲಾಸ್ಟಿಕ್ ಕವರ್ ಮತ್ತು ರಬ್ಬರ್ ಬ್ಯಾಂಡ್ ಕೈಗೆ ಸಿಗುವ ಹಾಗೆ ಇಟ್ಟುಕೊಂಡೇ ಕೆಳಗೆ ಮಲಗಿ.

ನೀವು ಯಾವತ್ತಾದರೂ ತಪ್ಪು ಅಳತೆ ಕೊಟ್ಟಿದ್ದೀರಾ?

ಅಳತೆ ಸರಿ ಇತ್ತು. ಎಲ್ಲಿಂದ ಎಲ್ಲಿಗೆ ಅಂತ ಬರೆದಿರಲಿಲ್ಲ.

ಮೊದಲ ಸಲ ನಾನು ಅಳೆದದ್ದು ಸೀಲ್‌ನ ಅಂಚಿನಿಂದ ಪಿನಿಯನ್ ಕ್ರಾಸಿನ ನಡುವಿಗೆ. ಕೆಲವು ಅಂಗಡಿಯವರು ಹಾಗೇ ಕೇಳುತ್ತಾರೆ, ಎಲ್ಲೋ ಓದಿದ್ದೆ. 54 1/2 ಬಂತು. ಚೀಟಿಯಲ್ಲಿ ‘54 1/2’ ಅಂತ ಬರೆದು, ಶಾಫ್ಟ್ ಜೊತೆ ಅಂಗಡಿಯಲ್ಲಿ ಕೊಟ್ಟು ಬಂದೆ. ಅವರ ರೂಢಿ ನಡುವಿನಿಂದ ನಡುವಿಗೆ. ಅವರು ಅಂಕಿ ನೋಡಿದರು, ಅಷ್ಟೇ ಉದ್ದಕ್ಕೆ ಕೂದಲೆಳೆಯಷ್ಟೂ ತಪ್ಪದ ಹಾಗೆ ಮಾಡಿಕೊಟ್ಟರು. ಮನೆಗೆ ತಂದು ಮುಂದೆ ತುರುಕಿದೆ, ಹಿಂದಿನ ತುದಿ ಪಿನಿಯನ್ ದಾಟಿ ಹೌಸಿಂಗ್ ಮೇಲೆ ಕೂತಿತು. ಎರಡೂವರೆ ಇಂಚು ಉದ್ದ. ಸೀಲ್‌ಗೂ ಮುಂದಿನ ಕ್ರಾಸಿನ ನಡುವಿಗೂ ಇರುವ ದೂರ ಸರಿಯಾಗಿ ಅಷ್ಟೇ.

ಎರಡನೇ ಸಲ ದುಡ್ಡು ಕೊಟ್ಟು ಕತ್ತರಿಸಿಕೊಂಡು ಬಂದೆ. ತಪ್ಪು ಆ ಕಡೆಗೆ ಆದದ್ದು ಅದೃಷ್ಟ. ಗಿಡ್ಡ ಆಗಿದ್ದರೆ ಹೊಸ ಕೊಳವೆಯೇ ಬೇಕಾಗುತ್ತಿತ್ತು. ಆವತ್ತಿನಿಂದ ಅಂಕಿ ಬರೆಯುವ ಮುಂಚೆ ಒಂದು ಚಿತ್ರ ಬರೆಯುತ್ತೇನೆ. ಎರಡು ದುಂಡು, ನಡುವೆ ಒಂದು ಗೆರೆ, ಗೆರೆಯ ಮೇಲೆ ಅಂಕಿ. ಚಿತ್ರ ಎಷ್ಟೇ ಕೆಟ್ಟದಾಗಿದ್ದರೂ ಅಂಗಡಿಯವರಿಗೆ ಅರ್ಥ ಆಗುತ್ತದೆ.

ಈಗ ಕಾರಿನಲ್ಲಿ ಇರುವ ಶಾಫ್ಟ್ ಸರಿ ಇದೆಯಾ ಅಂತ ಹೇಗೆ ಗೊತ್ತಾಗುತ್ತೆ?

ಯೋಕ್ ಹೊರಗೆ ತೆಗೆದು ಬಟ್ಟೆಯಿಂದ ಒರೆಸಿ ಬೆಳಕಿಗೆ ಹಿಡಿಯಿರಿ. ಅದರ ಮೈ ಮೇಲೆ ಎಲ್ಲಾ ಬರೆದಿರುತ್ತದೆ. ಸೀಲ್ ಉಜ್ಜಿ ಉಜ್ಜಿ ಕನ್ನಡಿಯ ಹಾಗೆ ಹೊಳೆಯುವ ಒಂದು ಪಟ್ಟೆ ಕಾಣುತ್ತದೆ. ಸಾಮಾನ್ಯವಾಗಿ ಓಡುವಾಗ ಯೋಕ್ ನಿಲ್ಲುವ ಜಾಗ ಅದು. ಅದರಿಂದ ಹಿಂದಕ್ಕೆ, ಕ್ರಾಸಿನ ಕಡೆಗೆ, ಮಾಸಿದ ಅಥವಾ ತುಕ್ಕಿನ ಛಾಯೆ ಇರುವ ಭಾಗ ಇನ್ನೂ ಒಳಗೆ ಹೋಗಿಯೇ ಇಲ್ಲ. ಹೊಳಪು ಯೋಕ್‌ನ ಬುಡದವರೆಗೂ ಬಂದಿದ್ದರೆ ಶಾಫ್ಟ್ ಉದ್ದ ಜಾಸ್ತಿ, ಅದು ಆಗಾಗ ತಳ ಮುಟ್ಟುತ್ತಿದೆ. ಮುಂದಿನ ತುದಿಯ ಹತ್ತಿರವೇ ಒಂದು ಕಿರಿದಾದ ಹೊಳೆಯುವ ಬಳೆ ಇದ್ದು ಉಳಿದದ್ದೆಲ್ಲ ಮಂಕಾಗಿದ್ದರೆ ಗಿಡ್ಡ.

ಹೊಸ ಯೋಕ್‌ಗೆ ಇಂಥ ಗುರುತು ಇರಲ್ಲ. ಆಗ ಹೊರಗೆ ಕಾಣುವ ಭಾಗಕ್ಕೆ ತೆಳ್ಳಗೆ ಗ್ರೀಸ್ ಸವರಿ, ಹತ್ತಿರದ ರಸ್ತೆಯಲ್ಲಿ ಹಂಪುಗಳ ಮೇಲೆ ನಿಧಾನವಾಗಿ ಒಂದು ಸುತ್ತು ಹೋಗಿಬನ್ನಿ. ಹಿಂದೆ ಇಬ್ಬರನ್ನು ಕೂರಿಸಿಕೊಂಡರೆ ಇನ್ನೂ ಒಳ್ಳೆಯದು. ಸೀಲ್ ಎಲ್ಲಿಯವರೆಗೆ ಗ್ರೀಸ್ ಒರೆಸಿದೆಯೋ ಅಲ್ಲಿಯವರೆಗೆ ಯೋಕ್ ಒಳಗೆ ಹೋಗಿದೆ.

ಇದಕ್ಕಿಂತ ಖಚಿತವಾದ ದಾರಿ ಸ್ಪ್ರಿಂಗ್ ತೆಗೆದು ನೋಡುವುದು. ಶೆವೆಲ್‌ನ ಹಿಂದೆ ಇರುವುದು ಕಾಯಿಲ್ ಸ್ಪ್ರಿಂಗ್, ಆಕ್ಸಲ್ ಹಿಡಿದಿಡಲು ನಾಲ್ಕು ಆರ್ಮ್. ಸ್ಪ್ರಿಂಗ್ ಹೊರಗಿದ್ದರೆ ಆಕ್ಸಲ್ ಅನ್ನು ಜಾಕ್‌ನಿಂದ ಕೆಳಗಿನಿಂದ ಮೇಲಿನ ರಬ್ಬರ್ ತಡೆವರೆಗೆ ಆರಾಮಾಗಿ ಆಡಿಸಿ, ಯೋಕ್ ಎಷ್ಟು ಸರಿಯುತ್ತದೆ ಅಂತ ಕಣ್ಣಾರೆ ನೋಡಬಹುದು. ಸ್ಪ್ರಿಂಗ್ ಬದಲಾಯಿಸುವ ಕೆಲಸ ಹೇಗೂ ಇದ್ದರೆ ಈ ಅವಕಾಶ ಬಿಡಬೇಡಿ.

ಕ್ರಾಸ್ ಕೊಳ್ಳಲು ಹೋದರೆ ನಂಬರ್ ಕೇಳುತ್ತಾರೆ. ಯಾವುದು?

ವರ್ನಿಯರ್ ಕ್ಯಾಲಿಪರ್ ತೆಗೆದುಕೊಳ್ಳಿ. ಎರಡು ಅಳತೆ ಬೇಕು: ಕಪ್ಪಿನ ದಪ್ಪ, ಮತ್ತು ಎದುರು ಬದುರು ಕಪ್ಪುಗಳ ಹೊರ ಅಂಚಿನಿಂದ ಹೊರ ಅಂಚಿಗೆ ಇರುವ ಅಗಲ.

1310 ಅಂದರೆ 3.219 ಇಂಚು ಅಗಲ, ಕಪ್ 1.062. 1350 ಅಂದರೆ 3.625 ಅಗಲ, ಕಪ್ 1.188. ಇವೆರಡರ ನಡುವಿನ 1330 ಒಂದು ಬೆರಕೆ ಕೂಸು. ಅಗಲ ದೊಡ್ಡದರದ್ದು, ಕಪ್ ಸಣ್ಣದರದ್ದು. ಅದಕ್ಕೇ ಬರೀ ಕಪ್ ಅಳೆದು ತಂದರೆ ಮನೆಯಲ್ಲಿ ಕೂರಲ್ಲ. ಗೇರ್‌ಬಾಕ್ಸ್ ಕಡೆ ಒಂದು ಸೈಜು, ಹೌಸಿಂಗ್ ಕಡೆ ಇನ್ನೊಂದು ಇದ್ದರೆ ಗಾಬರಿ ಬೇಡ, ಎರಡು ಕಡೆಗೆ ಎರಡು ಸೈಜು ಇರುವ ಕ್ರಾಸ್ ಸಿಗುತ್ತದೆ.

ಜನರಲ್ ಮೋಟರ್ಸ್‌ನ ಹಳೇ ಶಾಫ್ಟುಗಳಲ್ಲಿ ಒಂದು ವಿಚಿತ್ರ ಇದೆ. ಕಪ್ ಹಿಡಿದಿಡಲು ಸರ್ಕ್ಲಿಪ್ಪೇ ಇರಲ್ಲ. ಕಾರ್ಖಾನೆಯಲ್ಲಿ ಒಂದು ಸಣ್ಣ ತೂತಿನಿಂದ ಕರಗಿದ ಪ್ಲಾಸ್ಟಿಕ್ ಒತ್ತಿ ತುಂಬಿರುತ್ತಾರೆ, ಅದು ಗಟ್ಟಿಯಾಗಿ ಬೀಗದ ಹಾಗೆ ಕೂತಿರುತ್ತದೆ. ನಾನು ಮೊದಲ ಸಲ ಲಾಕ್ ಎಲ್ಲಿ ಅಂತ ಹುಡುಕಿ ಹುಡುಕಿ ಸುಸ್ತಾದೆ, ಸುತ್ತಿಗೆಯಲ್ಲಿ ಕುಟ್ಟಿದೆ, ವೈಸ್‌ಗೆ ಹಾಕಿ ಒತ್ತಿದೆ. ಅಲುಗಾಡಲಿಲ್ಲ. ಆಮೇಲೆ ಗೊತ್ತಾಯಿತು, ಬಿಸಿ ಮಾಡಬೇಕು. ಟಾರ್ಚ್ ಹಿಡಿದು ಕಿವಿಯನ್ನು ಕಾಯಿಸಿದರೆ ಒಂದು ನಿಮಿಷಕ್ಕೆ ಆ ತೂತಿನಿಂದ ಪ್ಲಾಸ್ಟಿಕ್ ಶಾವಿಗೆಯ ಹಾಗೆ ಎಳೆಎಳೆಯಾಗಿ ಹೊರಗೆ ಬರುತ್ತದೆ. ಸುಟ್ಟ ವಾಸನೆ ಜೋರು, ಶಟರ್ ತೆರೆದಿಟ್ಟುಕೊಳ್ಳಿ. ಆಮೇಲೆ ಕಪ್ ಸುಲಭವಾಗಿ ಬಿಡುತ್ತದೆ. ಹೊಸ ಕ್ರಾಸ್ ಕೊಳ್ಳುವಾಗ ಒಳಬದಿಗೆ ಕ್ಲಿಪ್ ಬೀಳುವಂಥದ್ದು ಕೇಳಿ.

ಕೋನ ಅಂತಾರಲ್ಲ, ಪಿನಿಯನ್ ಆಂಗಲ್, ಅದು ಯಾಕೆ?

ಕ್ರಾಸ್ ಇರುವುದೇ ಬಾಗಿದ ದಾರಿಯಲ್ಲಿ ತಿರುಗುವಿಕೆಯನ್ನು ದಾಟಿಸೋಕೆ. ಆದರೆ ಅದಕ್ಕೊಂದು ಕೆಟ್ಟ ಗುಣ ಇದೆ. ಬಾಗಿ ತಿರುಗುವಾಗ ಒಂದು ಸುತ್ತಿನಲ್ಲಿ ಎರಡು ಸಲ ವೇಗ ಹೆಚ್ಚಿಸಿ ಎರಡು ಸಲ ತಗ್ಗಿಸುತ್ತದೆ. ಮುಂದಿನ ಕ್ರಾಸ್ ಮಾಡಿದ ಈ ಕಿತಾಪತಿಯನ್ನು ಹಿಂದಿನ ಕ್ರಾಸ್ ಅಷ್ಟೇ ಕೋನದಲ್ಲಿದ್ದು ಸರಿ ಮಾಡಬೇಕು. ಅದಕ್ಕೇ ಗೇರ್‌ಬಾಕ್ಸಿನ ಗೆರೆಯೂ ಪಿನಿಯನ್ನಿನ ಗೆರೆಯೂ ಒಂದಕ್ಕೊಂದು ಸಮಾನಾಂತರ ಇರಬೇಕು ಅನ್ನುವುದು. ಕೊಳವೆಯ ಎರಡು ತುದಿಯ ಯೋಕ್‌ಗಳೂ ಒಂದೇ ನೇರದಲ್ಲಿ ಇರಬೇಕು. ವೆಲ್ಡ್ ಮಾಡುವಾಗ ಇದು ತಪ್ಪಿದರೆ ಬೇರೆ ಏನು ಮಾಡಿದರೂ ನಡುಕ ಹೋಗಲ್ಲ.

ಉದಾಹರಣೆಗೆ ಗೇರ್‌ಬಾಕ್ಸ್ ಹಿಂದಕ್ಕೆ 3 ಡಿಗ್ರಿ ಇಳಿಜಾರು, ಶಾಫ್ಟ್ ಹಿಂದಕ್ಕೆ 4.5 ಡಿಗ್ರಿ ಇಳಿಜಾರು ಅಂದುಕೊಳ್ಳಿ. ಮುಂದಿನ ಕ್ರಾಸಿನ ಕೋನ 1.5. ಪಿನಿಯನ್ ಮೂತಿ 3 ಡಿಗ್ರಿ ಮೇಲೆ ನೋಡುತ್ತಿದ್ದರೆ ಹಿಂದಿನ ಕ್ರಾಸಿನದ್ದೂ 1.5. ಸರಿಹೋಯಿತು. ಪ್ರತಿ ಕ್ರಾಸಿಗೂ ಕಡಿಮೆ ಅಂದರೆ ಅರ್ಧ ಡಿಗ್ರಿ ಇರಲಿ. ಪೂರ್ತಿ ಸೊನ್ನೆ ಆದರೆ ಕಪ್ಪಿನೊಳಗಿನ ಸೂಜಿ ಬೇರಿಂಗುಗಳು ಉರುಳದೆ ಒಂದೇ ಜಾಗದಲ್ಲಿ ಕೂತು ಹಳ್ಳ ಕೊರೆಯುತ್ತವೆ. 3 ಡಿಗ್ರಿ ದಾಟದಿದ್ದರೆ ಒಳ್ಳೆಯದು.

ಆಕ್ಸಿಲರೇಟರ್ ಒತ್ತಿದಾಗ ಪಿನಿಯನ್ ಮೂತಿ ಇನ್ನೂ ಮೇಲೇಳುತ್ತದೆ. ಆದ್ದರಿಂದ ನಿಂತಿರುವಾಗ ಸ್ವಲ್ಪ ತಗ್ಗಿಸಿಯೇ ಇಡುತ್ತಾರೆ. ಶೆವೆಲ್‌ನಂಥ ಕಾಯಿಲ್ ಸ್ಪ್ರಿಂಗ್ ಕಾರಿಗೆ 1–2 ಡಿಗ್ರಿ. ಕಮಾರೋ, ಮಸ್ಟಾಂಗ್, ಚಾರ್ಜರ್‌ನಂಥ ಪಟ್ಟಿ ಸ್ಪ್ರಿಂಗ್ ಕಾರಿಗೆ ಇನ್ನೂ ಸ್ವಲ್ಪ ಜಾಸ್ತಿ, ಯಾಕೆಂದರೆ ಪಟ್ಟಿ ತಿರುಚಿಕೊಳ್ಳುತ್ತದೆ.

ಒಂದು ಮಾತು: ಕೋನ ಮೊದಲು, ಉದ್ದ ಆಮೇಲೆ. ಪಿನಿಯನ್ ಮೂತಿ ಎತ್ತಿದರೆ ಅಥವಾ ತಗ್ಗಿಸಿದರೆ ಉದ್ದವೂ ಸ್ವಲ್ಪ ಬದಲಾಗುತ್ತದೆ.

ಕೊಳವೆ ಎಷ್ಟು ದಪ್ಪ ಬೇಕು?

ಊರಲ್ಲಿ ಓಡಾಡಲು 3 ಇಂಚು ವ್ಯಾಸದ ಸ್ಟೀಲ್ ಸಾಕು. ಉದ್ದವೂ ವೇಗವೂ ಜಾಸ್ತಿಯಾದರೆ ಯೋಚಿಸಬೇಕು.

ಪ್ರತಿ ಶಾಫ್ಟಿಗೂ ಒಂದು ವೇಗ ಇದೆ. ಅದನ್ನು ಮುಟ್ಟಿದರೆ ಅದು ಸ್ಕಿಪ್ಪಿಂಗ್ ಹಗ್ಗದ ಹಾಗೆ ನಡುವೆ ಬಾಗಿ ತಿರುಗತೊಡಗುತ್ತದೆ. 3 ಇಂಚು ವ್ಯಾಸ, 0.083 ಇಂಚು ಗೋಡೆಯ ಸ್ಟೀಲ್ ಕೊಳವೆ 52 ಇಂಚು ಉದ್ದ ಇದ್ದರೆ ಲೆಕ್ಕಕ್ಕೆ ಆ ವೇಗ ನಿಮಿಷಕ್ಕೆ ಸುಮಾರು 7,150 ಸುತ್ತು. ಅದರ ಮುಕ್ಕಾಲು ಭಾಗದೊಳಗೆ ಇರುವುದು ಕ್ಷೇಮ, ಅಂದರೆ 5,360. ಅದೇ ಕೊಳವೆ 60 ಇಂಚು ಆದರೆ 5,375ಕ್ಕೆ ಇಳಿಯುತ್ತದೆ, ಮುಕ್ಕಾಲು ಭಾಗ ಬರೀ 4,030. ಉದ್ದದ ವರ್ಗದ ಲೆಕ್ಕದಲ್ಲಿ ಇಳಿಯುವುದರಿಂದ ಎಂಟು ಇಂಚಿಗೆ ಇಷ್ಟು ಹೊಡೆತ.

ನಿಮ್ಮ ಶಾಫ್ಟ್ ಎಷ್ಟು ತಿರುಗುತ್ತದೆ? 26 ಇಂಚಿನ ಟೈರು, 3.73 ಹಿಂದಿನ ಗೇರು (ಚಕ್ರ ಒಂದು ಸುತ್ತು ತಿರುಗಿದರೆ ಶಾಫ್ಟ್ 3.73 ಸುತ್ತು), ಗಂಟೆಗೆ 100 ಮೈಲಿ: ಸುಮಾರು 4,820 ಸುತ್ತು. ನನ್ನ 52 ಇಂಚಿನದಕ್ಕೆ ಓಕೆ, 60 ಇಂಚಿನದಕ್ಕೆ ಬೇಡ. ಅಲ್ಲಿ ದಪ್ಪ ಕೊಳವೆ ಅಥವಾ ಅಲ್ಯೂಮಿನಿಯಂ ಕೇಳಿ.

60–70 ಮೈಲಿಯಲ್ಲಿ ಕಾರು ನಡುಗುತ್ತೆ. ಶಾಫ್ಟಾ, ಟೈರಾ?

ಟೈರಿನ ನಡುಕ ದಪ್ಪಗೆ, ನಿಧಾನ. 70 ಮೈಲಿಯಲ್ಲಿ 26 ಇಂಚಿನ ಟೈರು ಸೆಕೆಂಡಿಗೆ 15 ಸುತ್ತು. ಸೀಟು ಕುಣಿಯುತ್ತದೆ, ಸ್ಟೀರಿಂಗ್ ಆಡುತ್ತದೆ. ಶಾಫ್ಟ್ ಅದೇ ಹೊತ್ತಿಗೆ ಸೆಕೆಂಡಿಗೆ 56 ಸುತ್ತು, 3.73 ಗೇರ್ ಇದ್ದರೆ. ಅದರ ನಡುಕ ಜೇನಿನ ಝೇಂಕಾರದ ಹಾಗೆ ನೆಲದಿಂದ, ಕನ್ನಡಿಯಿಂದ ಬರುತ್ತದೆ. ಕನ್ನಡಿಯಲ್ಲಿ ಹಿಂದಿನ ಕಾರಿನ ಲೈಟು ಮಸುಕಾದರೆ ಶಾಫ್ಟಿನ ಮೇಲೆ ನನ್ನ ಅನುಮಾನ.

ವೇಗ ಬದಲಾಯಿಸದೆ ಒಂದು ಗೇರ್ ಇಳಿಸಿ ನೋಡಿ. ಶಾಫ್ಟ್ ಚಕ್ರಕ್ಕೆ ಕಟ್ಟಿಕೊಂಡಿದೆ, ಅದರ ವೇಗ ಬದಲಾಗಲ್ಲ, ನಡುಕವೂ ಹಾಗೇ ಇರುತ್ತದೆ. ನಡುಕ ಬದಲಾದರೆ ಇಂಜಿನ್ ಕಡೆ ನೋಡಿ.

ಶಾಫ್ಟೇ ಅಂತ ಗಟ್ಟಿಯಾದರೆ ಮೊದಲು ಕೊಳವೆಯ ಮೇಲೆ ಒಣಗಿದ ಅಂಡರ್‌ಕೋಟಿಂಗ್, ಮಣ್ಣು ಅಂಟಿದೆಯಾ ನೋಡಿ. ಒಂದು ಸಣ್ಣ ತಗ್ಗು ಬಿದ್ದಿದ್ದರೂ ಸಾಕು. ಸಣ್ಣ ತಗಡಿನ ಚೂರು ವೆಲ್ಡ್ ಮಾಡಿದ್ದರೆ ಅದು ಬ್ಯಾಲೆನ್ಸ್ ತೂಕ, ‘ಏನೋ ಅಂಟಿದೆ’ ಅಂತ ಉಳಿಯಿಂದ ಕೀಳಬೇಡಿ. ಕಿತ್ತವರನ್ನು ನೋಡಿದ್ದೇನೆ.

ಮನೆಯಲ್ಲಿ ಗ್ರೈಂಡರ್, ವೆಲ್ಡಿಂಗ್ ಎಲ್ಲಾ ಇದೆ. ನಾನೇ ಕತ್ತರಿಸಲಾ?

ಬೇಡ. ಕತ್ತರಿಸೋದು ಸುಲಭ, ನೇರವಾಗಿ ಜೋಡಿಸೋದು ಕಷ್ಟ, ತಿರುಗಿಸಿ ಬ್ಯಾಲೆನ್ಸ್ ಮಾಡೋ ಯಂತ್ರ ನಿಮ್ಮ ಹತ್ತಿರ ಇಲ್ಲ.

ಶಾಫ್ಟ್ ಕೆಳಗೆ ಲೂಪ್ ಹಾಕಬೇಕಾ?

ಮುಂದಿನ ಕ್ರಾಸ್ ಮುರಿದರೆ ಶಾಫ್ಟಿನ ಮುಂದಿನ ತುದಿ ರಸ್ತೆಗೆ ಕುತ್ತುತ್ತದೆ. ಓಡುತ್ತಿರುವ ಕಾರು ಅದನ್ನು ಊರುಗೋಲು ಮಾಡಿಕೊಂಡು ಮೇಲೇಳಬಹುದು, ಅಥವಾ ಮುರಿದ ಕೊಳವೆ ನೆಲ ಸೀಳಿ ಒಳಗೆ ಬರಬಹುದು. ಲೂಪ್ ಅಂದರೆ ಶಾಫ್ಟಿನ ಸುತ್ತ ಒಂದು ಸ್ಟೀಲ್ ಬಳೆ. ಡ್ರ್ಯಾಗ್ ರೇಸಿನ ನಿಯಮದಲ್ಲಿ ಅದು ಮುಂದಿನ ಕ್ರಾಸಿನಿಂದ 6 ಇಂಚಿನೊಳಗೆ ಇರಬೇಕು. ರೇಸಿಗೆ ಹೋಗದಿದ್ದರೂ ಇಂಜಿನ್ ಜೋರಿದ್ದರೆ ಹಾಕಿಸಿ. ಹಾಕಿದ ಮೇಲೆ ಆಕ್ಸಲ್ ಮೇಲೆ ಕೆಳಗೆ ಆಡಿದಾಗ ಕೊಳವೆ ಬಳೆಗೆ ತಾಗಲ್ಲ ಅಂತ ನೋಡಿಕೊಳ್ಳಿ.

ಊರಲ್ಲಿ ಅಪ್ಪನ ಹಳೇ ಜೀಪ್ ಇದೆ. ಅದಕ್ಕೂ ಇದೇ ಲೆಕ್ಕನಾ?

ತತ್ವ ಅದೇ, ಜಾಗ ಬೇರೆ. ಹಳೇ ಜೀಪಿನಲ್ಲಿ ಜಾರುವ ಜಾಯಿಂಟ್ ಗೇರ್‌ಬಾಕ್ಸಿನೊಳಗೆ ಇರಲ್ಲ, ಶಾಫ್ಟಿನಲ್ಲೇ ಇರುತ್ತದೆ. ಅದಕ್ಕೆ ಗ್ರೀಸ್ ನಿಪ್ಪಲ್ ಕೂಡ ಇರುತ್ತದೆ. ಅಲ್ಲಿ ಎರಡೂ ತುದಿ ಗಟ್ಟಿ, ನಡುವೆ ಎಷ್ಟು ಜಾರಲು ಉಳಿದಿದೆ ಅಂತ ನೋಡಬೇಕು. ಬಿಚ್ಚುವ ಮುಂಚೆ ಎರಡು ಭಾಗದ ಮೇಲೂ ಒಂದೇ ನೇರಕ್ಕೆ ಉಳಿ ಗುರುತು ಹಾಕಿ. ಒಂದು ಹಲ್ಲು ತಪ್ಪಿಸಿ ಜೋಡಿಸಿದರೆ ಎರಡು ಕ್ರಾಸ್‌ಗಳ ನೇರ ತಪ್ಪಿ ಜೀಪ್ ನಡುಗುತ್ತದೆ. ಜೀಪ್ ಹೇಗೂ ನಡುಗುತ್ತದೆ ಅಂತೀರಾ? ಇನ್ನೂ ಜಾಸ್ತಿ ನಡುಗುತ್ತದೆ.

ಕತ್ತರಿಸುವ ಬದಲು ಹೊಸದು ಮಾಡಿಸಿದೆ. ಹಳೇ ಶಾಫ್ಟ್ ಏನು ಮಾಡಲಿ?

ಗುಜರಿಗೆ ಹಾಕಬೇಡಿ. ಕಾರನ್ನು ಮತ್ತೆ ಅಸಲಿ ರೂಪಕ್ಕೆ ತರಬೇಕು ಅಂತ ನಿಮಗಲ್ಲದಿದ್ದರೂ ಮುಂದೆ ಕೊಳ್ಳುವವರಿಗೆ ಅನ್ನಿಸಬಹುದು. ಯೋಕ್‌ಗೆ ಆಯಿಲ್ ಹಚ್ಚಿ ಪ್ಲಾಸ್ಟಿಕ್ ಸುತ್ತಿ. ಕೊಳವೆಯ ಮೇಲೆ ಮಾಸ್ಕಿಂಗ್ ಟೇಪು ಅಂಟಿಸಿ ಕಾರಿನ ವರ್ಷ, ಗೇರ್‌ಬಾಕ್ಸು, ಉದ್ದ ಬರೆಯಿರಿ. ‘ನಡುವಿನಿಂದ ನಡುವಿಗೆ’ ಅಂತಲೂ ಬರೆಯಿರಿ.